ಎಡಚಣ್ಣ ಮ್ಯೂಸಿಯಂಗೆ ಹೊರಟದ್ದು

ತಂದೆ ತಾಯಿ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಊರಿಗೆಲ್ಲ ಅವನು ಎಡಚಣ್ಣ, ಎಡಗೈಯಲ್ಲಿ ಕತ್ತರಿ ಹಿಡಿಯುವ ಕ್ಷೌರಿಕ. ಕೆಲಸ ಕಲಿಸಿದ ಗುರು, "ಬಲಗೈಯಲ್ಲಿ ಹಿಡಿ, ಇಲ್ಲಾಂದ್ರೆ ಬೇರೆ ಕಸುಬು ನೋಡ್ಕೋ" ಎಂದು ಬೆರಳಿನ ಗೆಣ್ಣಿಗೆ ಬಾಚಣಿಗೆಯಿಂದ ಕುಟ್ಟಿ ಕುಟ್ಟಿ ತಾನೇ ಸೋತು ಕೈಬಿಟ್ಟಿದ್ದ. ಸಾಮಾನ್ಯ ಕತ್ತರಿ ಎಡಗೈಗೆ ಒಗ್ಗುವುದಿಲ್ಲ. ಅಲಗುಗಳು ಒಂದನ್ನೊಂದು ಒತ್ತಿಕೊಳ್ಳದೆ, ಕೂದಲು ತುಂಡಾಗುವ ಬದಲು ನಡುವೆ ಮಡಚಿಕೊಳ್ಳುತ್ತದೆ. ಎಡಗೈಯವರಿಗೆಂದೇ ಮಾಡಿದ ಕತ್ತರಿ ಅಂಗಡಿಯಲ್ಲಿ ಸಿಗುತ್ತದೆಂದು ಗೊತ್ತಾಗುವ ತನಕ ಅವನು ಹೆಬ್ಬೆರಳಿನಿಂದ ಅಲಗನ್ನು ಒಳಕ್ಕೆ ಎಳೆದುಕೊಂಡು ಕತ್ತರಿಸುತ್ತಿದ್ದ. ಆ ಬೆರಳಿನ ಬುಡದಲ್ಲಿ ಗಟ್ಟಿಯಾದ ದಡ್ಡು ಹಾಗೇ ಉಳಿದಿತ್ತು.

"ಎಡಚಣ್ಣ ಸರಿಯಾಗಿ ಕಾಣಬೇಕಂದ್ರೆ ಕನ್ನಡೀಲೇ ನೋಡ್ಬೇಕು" ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಕುರ್ಚಿಯಲ್ಲಿ ಕೂತವನಿಗೆ ಕನ್ನಡಿಯೊಳಗಿನ ಎಡಚಣ್ಣ ಬಲಗೈಯವನಾಗಿ ಕಾಣುತ್ತಿದ್ದ. ಅದಕ್ಕೂ ಅವನ ಬಳಿ ಉತ್ತರವಿತ್ತು. ಅವನ ಬಳಿ ಎಲ್ಲದಕ್ಕೂ ಉತ್ತರವಿತ್ತು. ನಾಲಗೆಗೆ ಎಲುಬಿಲ್ಲ ಎಂಬ ಮಾತು ಅವನನ್ನು ನೋಡಿಯೇ ಹುಟ್ಟಿದ್ದು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ, ಶಾಲೆಯ ಮೇಷ್ಟ್ರೊಬ್ಬರ ತಲೆ ಅರ್ಧ ಮುಗಿದಿದ್ದಾಗ, ಎಡಚಣ್ಣನ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. "ಏನೋ ಜೋಮು ಹಿಡಿದಿದೆ ಮೇಷ್ಟ್ರೇ, ಒಂದು ನಿಮಿಷ" ಎಂದ. ಮೇಷ್ಟ್ರು ಕನ್ನಡಿಯಲ್ಲಿ ಅವನ ಮುಖ ನೋಡಿದರು. ಬಾಯಿಯ ಒಂದು ಮೂಲೆ ಇಳಿದುಹೋಗಿತ್ತು. ಅವರು ಎದ್ದು, ಕುತ್ತಿಗೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ, ರಸ್ತೆಗೆ ಓಡಿ ಸಿಕ್ಕ ಗಾಡಿ ನಿಲ್ಲಿಸಿದರು. ಲಕ್ವ ಹೊಡೆದು ಹೆಚ್ಚು ಹೊತ್ತಾಗುವ ಮೊದಲೇ ಕರೆತಂದಿರಿ, ಅದರಿಂದಲೇ ಜೀವ ಉಳಿಯಿತು ಎಂದು ಡಾಕ್ಟರು ಹೇಳಿದಾಗ ಮೇಷ್ಟ್ರು ಅರ್ಧ ತಲೆಯಲ್ಲೇ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

ಜೀವ ಉಳಿಯಿತು, ಮಾತು ಉಳಿಯಿತು. ಕಾಲು ಸ್ವಲ್ಪ ಎಳೆಯುತ್ತಿತ್ತು, ಕೋಲು ಹಿಡಿದರೆ ನಡೆಯಬಹುದಿತ್ತು. ಹೋದದ್ದು ಎಡಗೈ. "ಬಲಗೈಯೇ ಉಳೀತಲ್ಲ, ದೇವರು ದೊಡ್ಡವನು" ಎಂದು ನೋಡಲು ಬಂದವರು ಹೇಳಿದರೆ ಎಡಚಣ್ಣ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವನ ಮಟ್ಟಿಗೆ ಬಲಗೈ ಬಾಚಣಿಗೆ ಹಿಡಿಯಲು ಹುಟ್ಟಿದ ಕೈ, ಅಷ್ಟೇ.

ಮನೆಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು. ಫಿಸಿಯೋಥೆರಪಿ ಓದಿದವಳು. ಎಡಚಣ್ಣ ಅವಳನ್ನು "ಮೇಡಂ" ಎನ್ನುತ್ತಿದ್ದ. ಅವಳು ಎಷ್ಟು ಬೇಡವೆಂದರೂ ಬಿಡಲಿಲ್ಲ. ಅವಳು ರಬ್ಬರು ಚೆಂಡು ಕೊಟ್ಟು ಹಿಚುಕಲು ಹೇಳಿದಳು. ತಟ್ಟೆಯಲ್ಲಿ ಕಾಳು ಹರಡಿ, ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕಲು ಹೇಳಿದಳು. ಅವಳಿದ್ದಷ್ಟು ಹೊತ್ತು ಅವನು ಮಾಡುತ್ತಿದ್ದ. ಅವಳು ಗೇಟು ದಾಟಿದ ಕೂಡಲೇ ಚೆಂಡು ಮಂಚದ ಕೆಳಗೆ ಸೇರುತ್ತಿತ್ತು.

"ನಾನೇನು ಕೋಳೀನಾ, ಕಾಳು ಹೆಕ್ಕೋಕೆ?" ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಬೆಳಗಿನ ಪಾಳಿಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಚಿ ಮಡಚಿ ಬಂದವಳಿಗೆ ಮನೆಯಲ್ಲಿ ಗಂಡನ ಮುನಿಸು ಬಿಡಿಸುವ ತ್ರಾಣ ಇರುತ್ತಿರಲಿಲ್ಲ. "ಕೋಳಿ ಆದ್ರೂ ಆಗಿದ್ರೆ ಮೊಟ್ಟೆ ಇಡ್ತಿತ್ತು" ಎಂದು ಒಳಗೆ ಹೋಗುತ್ತಿದ್ದಳು.

ಉಪಾಯ ಮಾಡಿದವಳು ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ಒಂದು ಸಂಜೆ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದಳು. ಅದರ ಮೇಲೆ ಒಂದು ಗಿಡ್ಡ ಕೋಲು, ಕೋಲಿನ ತುದಿಗೆ ಕೆಂಪು ಗುಂಡು, ಪಕ್ಕದಲ್ಲಿ ಎರಡು ಗುಂಡಿ. ಎಡಗೈಯಲ್ಲಿ ಕೋಲು ತಿರುಗಿಸಬೇಕು, ಬಲಗೈಯಲ್ಲಿ ಗುಂಡಿ ಒತ್ತಬೇಕು. ಪರದೆಯ ಮೇಲೆ ಒಂದು ಚುಕ್ಕೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು.

"ಇದನ್ನ ಮಾಡಿದವರು ಎಡಚರೇ ಇರಬೇಕು" ಎಂದ ಎಡಚಣ್ಣ, ಲಕ್ವ ಹೊಡೆದ ಮೇಲೆ ಮೊದಲ ಬಾರಿಗೆ ಮುಖ ಅರಳಿಸಿ.

ಅವನ ಬೆರಳುಗಳು ಗುಂಡನ್ನು ಸುತ್ತಿ ಹಿಡಿಯಲಾರದೆ ಜಾರುತ್ತಿದ್ದವು. ಬಲಗೈಯಿಂದ ಎಡಗೈಯನ್ನು ಎತ್ತಿ ಕೋಲಿನ ಮೇಲೆ ಕೂರಿಸುತ್ತಿದ್ದ. ಚುಕ್ಕೆ ತಪ್ಪಿಹೋಗುತ್ತಿತ್ತು, ಬೈಯುತ್ತಿದ್ದ, ಮತ್ತೆ ಕೂರಿಸುತ್ತಿದ್ದ. ಒಂದು ತಿಂಗಳಲ್ಲಿ ಮೇಡಂ ಬಂದು ಅವನ ಹಿಡಿತ ನೋಡಿ, "ಚೆಂಡು ಚೆನ್ನಾಗಿ ಹಿಚುಕ್ತಿದ್ದೀರಿ" ಎಂದಳು. ಎಡಚಣ್ಣ ಮಂಚದ ಕೆಳಗಿದ್ದ ಚೆಂಡನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದ. ಕೊನೆಗೆ ಮಗಳೇ ನಕ್ಕು ವಿಷಯ ಹೇಳಿದ ಮೇಲೆ ಮೇಡಂ ತಾನೂ ಕೂತು ಒಂದು ಆಟ ಆಡಿ ಸೋತು ಹೋದಳು.

ಆ ಆಟದ ಕೋಲು ಎಡಚಣ್ಣನಿಗೆ ಹೊಸದಾಗಿರಲಿಲ್ಲ. ಅವನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಗುರುವಿನ ಅಂಗಡಿಗೆ ಒಂದೇ ಗೋಡೆ ಹಂಚಿಕೊಂಡ ಕೋಣೆಯಲ್ಲಿ ವಿಡಿಯೋ ಗೇಮ್ ಅಂಗಡಿಯಿತ್ತು. ಆಳೆತ್ತರದ ಮೆಷೀನುಗಳು, ಮಬ್ಬು ಬೆಳಕು, ಕಿವಿಗಡಚಿಕ್ಕುವ ಗದ್ದಲ. ಬಾಗಿಲ ಬಳಿ ಮೇಜು ಹಾಕಿಕೊಂಡು ಬಿಲ್ಲೆ ಕೊಡಲು ಒಬ್ಬಳು ಹುಡುಗಿ ಕೂರುತ್ತಿದ್ದಳು. ಬಿಲ್ಲೆ ಹಾಕಿದರೆ ಮೆಷೀನು ಎದ್ದು ಕೂರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಎಡಚಣ್ಣ ಉಂಡು ಓಡಿ ಬರುತ್ತಿದ್ದ. ಅವಳು ಬಿಲ್ಲೆ ಮುಷ್ಟಿಯಲ್ಲೇ ಇಟ್ಟುಕೊಂಡು, "ಮೊದಲು ಹೊರಗೆ ಹೋಗಿ ಮೈಮೇಲಿನ ಕೂದಲು ಕೊಡವಿಕೊಂಡು ಬಾ. ಮೆಷೀನೊಳಗೆ ಹೋದ್ರೆ ನನ್ನ ಕೆಲಸ ಹೋಗುತ್ತೆ" ಎನ್ನುತ್ತಿದ್ದಳು. ಅವನು ದಿನವೂ ಮರೆತವನಂತೆ ಹಾಗೇ ಬರುತ್ತಿದ್ದ, ಅವಳು ದಿನವೂ ಹೊರಗೆ ಕಳಿಸುತ್ತಿದ್ದಳು. ಮದುವೆಯಾದ ಮೇಲೂ ಅವಳು ಅವನನ್ನು ಬಾಗಿಲಲ್ಲೇ ತಡೆದು ಕೂದಲು ಕೊಡವಿಸುವುದನ್ನು ನಿಲ್ಲಿಸಲಿಲ್ಲ.

ಮ್ಯೂಸಿಯಂ ಸುದ್ದಿ ತಂದವಳೂ ಮಗಳೇ. ಕನ್ನಡಕದ ಕಾಲು ಸರಿಮಾಡಿಸಲು ಬಂದ ಗಿರಾಕಿಯೊಬ್ಬರು ಹೇಳಿದರಂತೆ: ದೊಡ್ಡ ಊರಿನಲ್ಲಿ, ರೈಲಿನಲ್ಲಿ ಹೋದರೆ ಅರ್ಧ ದಿನದ ದಾರಿ, ವಿಡಿಯೋ ಗೇಮುಗಳ ಚರಿತ್ರೆಗೆಂದೇ ಒಂದು ಮ್ಯೂಸಿಯಂ ಮಾಡಿದ್ದಾರೆ. ಮೊಟ್ಟಮೊದಲ ಆಟಗಳಿಂದ ಹಿಡಿದು ಇವತ್ತಿನವರೆಗೆ ಎಲ್ಲವೂ ಇದೆ. ಕೊನೆಯ ಕೋಣೆಯಲ್ಲಿ ಹಳೆಯ ಮೆಷೀನುಗಳನ್ನು ರಿಪೇರಿ ಮಾಡಿಟ್ಟಿದ್ದಾರೆ, ನಾವೇ ನಿಂತು ಆಡಬಹುದು.

"ನಾನು ಹೋಗ್ತೀನಿ" ಎಂದ ಎಡಚಣ್ಣ.

"ಎಲ್ಲಿಗೆ? ಬಚ್ಚಲಿಗೆ ಹೋಗೋಕೇ ಗೋಡೆ ಹಿಡೀತೀರಿ" ಎಂದಳು ಹೆಂಡತಿ.

"ಅದಕ್ಕೇ ಹೇಳ್ತಿರೋದು. ಯಾವಾಗ ಹೋಗೋದು ಅಂತ ಈಗ್ಲೇ ಗೊತ್ತಾದ್ರೆ ಅಷ್ಟರೊಳಗೆ ಗೋಡೆ ಬಿಡ್ತೀನಿ. ನೀನೂ ಬಾ."

"ನನಗೆ ಬೇಡಪ್ಪ. ಆ ಗಲಾಟೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದು ಹೋಗಿದೆ. ಇನ್ನು ರೈಲು ಹತ್ತಿ ಹೋಗಿ ಕೇಳ್ಬೇಕಾ?"

ಅವಳು ಬೇಡವೆಂದ ಮೇಲೆ ಯೋಜನೆ ನಿಲ್ಲಬೇಕಿತ್ತು. ಬದಲಿಗೆ ಬೆಳೆಯಿತು. ಭಾನುವಾರ ಅವಳ ತಮ್ಮ ಬಂದ. ವ್ಯಾನು ಓಡಿಸುವವನು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮನಸ್ಸು. ವಿಷಯ ಕಿವಿಗೆ ಬಿದ್ದದ್ದೇ ತೊಡೆ ತಟ್ಟಿದ.

"ಭಾವ, ನಾನಿರೋವಾಗ ನಿಮಗ್ಯಾಕೆ ರೈಲು? ನನ್ನ ವ್ಯಾನಲ್ಲಿ ಹೋಗೋಣ. ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿಬಿಡ್ತೀನಿ. ನೀವು ಮಲಗಿಕೊಂಡೇ ಬನ್ನಿ."

"ಮಲಗಿಕೊಂಡು ಹೋಗೋಕೆ ನಾನೇನು ಹೆಣಾನಾ?"

"ಅಯ್ಯೋ ಬಿಡ್ತು ಅನ್ನಿ. ವ್ಯಾನು ಖಾಲಿ ಹೋಗೋದ್ಯಾಕೆ, ನನ್ನ ಹೆಂಡ್ತಿ ಮಕ್ಕಳೂ ಬರ್ತಾರೆ. ನಮ್ಮತ್ತೇನೂ ತುಂಬಾ ದಿನದಿಂದ ಎಲ್ಲಾದ್ರೂ ಕರ್ಕೊಂಡು ಹೋಗು ಅಂತಿದ್ದಾರೆ."

ಮುಂದಿನ ಭಾನುವಾರದ ಹೊತ್ತಿಗೆ ವ್ಯಾನಿನಲ್ಲಿ ಜಾಗ ಸಾಲದಾಗಿತ್ತು. ಭಾವಮೈದನ ಷಡ್ಡಕನ ಮನೆಯವರು ಸೇರಿಕೊಂಡಿದ್ದರು. ದಾರಿಯಲ್ಲಿ ಒಂದು ಕೆರೆ ಇದೆ, ದೋಣಿ ಇದೆ ಎಂದು ಯಾರೋ ಹೇಳಿದರು. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಮೃಗಾಲಯವೂ ಇದೆಯಂತೆ. ಯಾರಿಗೆ ಕಿಟಕಿ ಪಕ್ಕ, ಯಾರಿಗೆ ವಾಂತಿ ಬರುತ್ತದೆ, ಯಾರು ಮುಂದೆ ಕೂರಬೇಕು ಎಂಬ ಚರ್ಚೆ ನಡೆಯಿತು. ಎಡಚಣ್ಣ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಭಾವಮೈದ, "ಕೆರೆ, ಮೃಗಾಲಯ ಮುಗಿಸಿ ಟೈಮ್ ಉಳಿದ್ರೆ ಭಾವನ ಮ್ಯೂಸಿಯಂಗೂ ಒಂದು ಅರ್ಧ ಗಂಟೆ ಹೋಗಿ ಬರೋಣ" ಎಂದು ಮುಗಿಸಿದ.

"ಮೂಗಿಗಿಂತ ಮೂಗುತಿ ಭಾರ ಆಯ್ತು" ಎಂದ ಎಡಚಣ್ಣ. "ನೀವೆಲ್ಲ ಮೃಗಾಲಯಕ್ಕೆ ಹೋಗಿಬನ್ನಿ, ಒಳ್ಳೇದಾಗ್ಲಿ. ನಾನು ರೈಲಲ್ಲಿ ಹೋಗ್ತೀನಿ. ಒಬ್ಬನೇ ಹೋಗ್ತೀನಿ."

ಭಾವಮೈದನಿಗೆ ಬೇಸರವಾಯಿತು, ಆದರೆ ಅದು ಅವನಲ್ಲಿ ಹೆಚ್ಚು ಹೊತ್ತು ನಿಲ್ಲುವ ಸರಕಲ್ಲ. ಅವರು ಮೃಗಾಲಯಕ್ಕೆ ಹೋಗಿಯೇ ಬಂದರು.

ಎಡಚಣ್ಣ ಮ್ಯೂಸಿಯಂಗೆ ತಾನೇ ಫೋನು ಮಾಡಿದ. ಮಗಳು ನಂಬರು ಒತ್ತಿ ಮೊಬೈಲನ್ನು ಮೇಜಿನ ಮೇಲೆ ಸ್ಪೀಕರಿಗೆ ಹಾಕಿಟ್ಟಳು. ಅತ್ತ ಕಡೆ ಮಾತಾಡಿದವಳು ತಾಳ್ಮೆಯ ಹೆಂಗಸು. ಸೋಮವಾರ ರಜೆ, ಲಿಫ್ಟಿದೆ, ಪ್ರತಿ ಕೋಣೆಯಲ್ಲೂ ಕೂರಲು ಬೆಂಚಿದೆ ಎಂದೆಲ್ಲ ಹೇಳಿದಳು.

"ಅಮ್ಮ, ನನಗೊಂದು ಆಟ ಇದೆಯಾ ಅಂತ ತಿಳೀಬೇಕು."

"ಹೇಳಿ ಸರ್, ಆಟದ ಹೆಸರೇನು?"

"ಹೆಸರು ಯಾವನಿಗೆ ಗೊತ್ತು? ನಾವು ಹೆಸರು ನೋಡಿ ಆಡಿದವರಲ್ಲ. ಒಂದು ಹಳದಿ ಹೆಲಿಕಾಪ್ಟರ್ ಇರುತ್ತೆ. ಊರಿಗೆಲ್ಲ ನೀರು ನುಗ್ಗಿರುತ್ತೆ. ಜನ ಮಾಳಿಗೆ ಮೇಲೆ ನಿಂತು ಕೈ ಬೀಸ್ತಿರ್ತಾರೆ. ಅವರನ್ನ ಎತ್ಕೊಂಡು ಗುಡ್ಡದ ಮೇಲೆ ಬಿಡ್ಬೇಕು. ನಡುವೆ ಒಂದು ಸೇತುವೆ ಬರುತ್ತೆ, ಅಲ್ಲಿ ನಾನು ಯಾವಾಗ್ಲೂ ಬೀಳ್ತಿದ್ದೆ."

"ಅಂಥವು ಎರಡು ಮೂರಿದ್ದವು ಸರ್. ಸದ್ದು ಹೇಗಿತ್ತು, ನೆನಪಿದೆಯಾ?"

ಎಡಚಣ್ಣ ಗಂಟಲು ಸರಿಮಾಡಿಕೊಂಡ. "ಟುಪು ಟುಪು ಟುಪು ಅಂತ ಹಾರ್ತಿತ್ತು. ಬಿದ್ರೆ ಪೆಂಯ್ಯ್ ಅಂತಿತ್ತು."

"ಹಾಗಲ್ಲ!" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಬಿದ್ರೆ ಮೊದಲು ಟೊಂಯ್ ಟೊಂಯ್ ಅಂತ ಎರಡು ಸಲ. ಆಮೇಲೆ ಉದ್ದಕ್ಕೆ ಪೆಂಯ್ಯ್. ಜನರನ್ನ ಹತ್ತಿಸಿಕೊಂಡ್ರೆ ಕಿಣಿಕಿಣಿ ಅಂತ ಗೆಜ್ಜೆ ಸದ್ದು. ಗುಡ್ಡ ಮುಟ್ಟಿದ್ರೆ ಒಂದು ಪುಟ್ಟ ಹಾಡು ಬರುತ್ತೆ." ಆ ಹಾಡನ್ನೂ ಮೂಗಿನಲ್ಲೇ ಗುನುಗಿಬಿಟ್ಟಳು, ಒಂದು ಸ್ವರ ತಪ್ಪದೆ.

ಫೋನಿನ ಹೆಂಗಸು ನಕ್ಕಳು. "ಇದೆ, ಇದೆ. ಅದೇ ಆಟ. ಕೊನೇ ಕೋಣೇಲಿ ಎಡಗಡೆ ಇಟ್ಟಿದ್ದೀವಿ. ಬನ್ನಿ, ಇಬ್ಬರೂ ಬನ್ನಿ."

"ಇಬ್ಬರಲ್ಲ, ಒಬ್ಬನೇ" ಎಂದ ಎಡಚಣ್ಣ. ಹೆಂಡತಿ ಒಳಗೆ ಹೋದಳು.

ಮೇಡಂಗೆ ಹೇಳಿದಾಗ ಅವಳು ಬೇಡವೆನ್ನಲಿಲ್ಲ. "ಮೊದಲು ಅಭ್ಯಾಸ ಮಾಡಿ. ಸ್ಟೇಷನ್‌ವರೆಗೆ ನಡೆದು ಬನ್ನಿ. ಆಮೇಲೆ ಒಂದು ಸ್ಟೇಷನ್ ಹೋಗಿ ವಾಪಸ್ ಬನ್ನಿ, ಜೊತೆಗೆ ಯಾರಾದ್ರೂ ಇರ್ಲಿ" ಎಂದಳು. ರೈಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಎಂದು ಮನೆಯ ಮೆಟ್ಟಿಲಲ್ಲೇ ಮಾಡಿಸಿ ತೋರಿಸಿದಳು. ಎಡಚಣ್ಣ ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡ. ಪ್ರತಿದಿನ ನಡೆದ. ಮೊದಲು ಬೀದಿಯ ತುದಿಯ ಔಷಧಿ ಅಂಗಡಿವರೆಗೆ, ಆಮೇಲೆ ಬೀಗ ಹಾಕಿದ ತನ್ನದೇ ಅಂಗಡಿವರೆಗೆ. ಅಲ್ಲಿ ನಿಲ್ಲದೆ ಮುಂದೆ ಹೋಗುತ್ತಿದ್ದ. ಗಾಜಿನೊಳಗೆ ಕುರ್ಚಿಯ ಮೇಲೆ ಧೂಳು ಕೂತಿರುವುದು ಹೊರಗಿನಿಂದಲೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ, ಹೆಂಡತಿ ಪಾಳಿ ಮುಗಿಸಿ ಬರುವ ಮೊದಲೇ, ಯಾರಿಗೂ ಹೇಳದೆ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದ. ಗಟ್ಟಿ ಕಾಲು ಮೊದಲು. ಸರಾಗವಾಗಿ ಹತ್ತಿದ. ಕಿಟಕಿ ಪಕ್ಕ ಜಾಗವೂ ಸಿಕ್ಕಿತು. ಎದುರಿಗೆ ಕೂತವನೊಬ್ಬ ತಲೆಗೆ ಬಣ್ಣ ಹಾಕಿದ್ದನ್ನು ನೋಡಿ ಸುಮ್ಮನಿರಲಾರದೆ ಮಾತಿಗೆ ಎಳೆದ. ಬಣ್ಣದ ಗುಣ, ಬುಡ ಬೆಳ್ಳಗಾಗುವುದು, ಕಿವಿಯ ಹಿಂದೆ ಒರೆಸಬೇಕಾದ ಬಗೆ. ಮಾತಿನ ಭರದಲ್ಲಿ ತಾನು ಇಳಿಯಬೇಕಿದ್ದ ಮೊದಲ ಸ್ಟೇಷನ್ ಬಂದದ್ದು ತಿಳಿಯಲಿಲ್ಲ. ತಿಳಿದಾಗ ಗಡಬಡಿಸಿ ಎದ್ದ. ಸೀಟಿನ ಅಂಚು ಹಿಡಿಯಲು ಚಾಚಿದ ಎಡಗೈ ಹಿಡಿಯಲಿಲ್ಲ. ಅವನು ತಿರುಗಿ ಮುಗ್ಗರಿಸಿ, ಎದುರಿನ ಬಣ್ಣದ ತಲೆಯವನ ಮಡಿಲಲ್ಲಿ ಕೂತುಬಿಟ್ಟ. ರೈಲು ಹೊರಟಿತು.

ಬಣ್ಣದ ತಲೆಯವನು ಒಳ್ಳೆಯವನು. ಮುಂದಿನ ಸ್ಟೇಷನ್ನಿನಲ್ಲಿ ಕೈ ಹಿಡಿದು ಇಳಿಸಿ, ಬೆಂಚಿನ ಮೇಲೆ ಕೂರಿಸಿ, ಮನೆಗೆ ಫೋನು ಮಾಡಿಕೊಟ್ಟು, ಅದೇ ರೈಲಿಗೆ ಓಡಿ ಹತ್ತಿಕೊಂಡ.

ಹೆಂಡತಿ ಮುಂದಿನ ರೈಲಿನಲ್ಲಿ ಬಂದಳು. ಆಸ್ಪತ್ರೆಯ ಏಪ್ರನ್ನನ್ನೂ ಕಳಚಿರಲಿಲ್ಲ. ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಬೈಗುಳವನ್ನೆಲ್ಲ ಜೋಡಿಸಿಕೊಂಡು ಬಂದಿದ್ದಳು. ಆದರೆ ಹತ್ತಿರ ಬಂದು ಎಡಗೈಯನ್ನು ಬೇರೆಯವರ ಸಾಮಾನಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಅವನು ಕೂತಿದ್ದ ರೀತಿ ನೋಡಿ, ಪಕ್ಕದಲ್ಲಿ ಕೂತಳು.

"ಏನಾಗಿದೆ ರೀ ನಿಮಗೆ? ಒಂದು ಆಟದ ಮೆಷೀನಿಗಾಗಿ ಪ್ರಾಣ ಬಿಡ್ತೀರಾ?"

ಎಡಚಣ್ಣ ಹಳಿಗಳನ್ನು ನೋಡುತ್ತಾ ಕೂತ.

"ಆಟಕ್ಕಲ್ಲ ಕಣೇ" ಎಂದ ಕೊನೆಗೆ. "ಆ ಮೆಷೀನಿನ ಕೋಲಿಗೂ ನನ್ನ ಕತ್ತರಿಗೂ ಹೆಚ್ಚು ಫರಕಿಲ್ಲ. ಅದೇ ಬೆರಳು, ಅದೇ ಮಣಿಕಟ್ಟು. ಆಗ ಸೇತುವೆವರೆಗೆ ಹೋಗ್ತಿದ್ನಲ್ಲ, ಈಗ್ಲೂ ಸೇತುವೆವರೆಗೆ ಹೋದ್ರೆ ಅಂಗಡಿ ಬಾಗಿಲು ತೆಗೀತೀನಿ. ಹೋಗ್ಲಿಲ್ಲಾಂದ್ರೆ ಕುರ್ಚಿ ಮಾರಿಬಿಡ್ತೀನಿ. ಹಾಗಂತ ಮನಸ್ಸಲ್ಲಿ ಇಟ್ಕೊಂಡಿದ್ದೆ. ಮುಂದೆ ಬಿದ್ರೂ ಗೊತ್ತಾಗಬೇಕು, ಎದ್ರೂ ಗೊತ್ತಾಗಬೇಕು."

ಅವಳು ಏಪ್ರನ್ನಿನ ದಾರ ಬಿಚ್ಚಿ, ಅದನ್ನು ತೊಡೆಯ ಮೇಲೆ ಹರಡಿ, ಅಭ್ಯಾಸಬಲದಿಂದ ನಾಲ್ಕು ಮಡಿಕೆ ಮಾಡಿದಳು.

"ಕೈಗೆ ಕತ್ತರಿ ಹಿಡಿಯೋಕಾಗಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ ಅದನ್ನ ಮೆಷೀನಿನ ಬಾಯಲ್ಲಿ ಯಾಕೆ ಹೇಳಿಸ್ಬೇಕು? ನಾನು ಹೇಳ್ತೀನಲ್ಲ. ಆಗಲ್ಲ ರೀ. ಹಾಗಂತ ಕುರ್ಚಿ ಮಾರೋದೂ ಬೇಡ. ಏನಾದ್ರೂ ಒಂದು ಮಾಡೋಣ."

ಎಡಚಣ್ಣ ತಲೆಯಾಡಿಸಿದ. ಅಷ್ಟು ನೇರವಾಗಿ ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರು, ಮೇಡಂ, ಮಗಳು ಎಲ್ಲರೂ "ನೋಡೋಣ, ನೋಡೋಣ" ಎನ್ನುತ್ತಲೇ ಬಂದಿದ್ದರು. ಅವನಿಗೇ ಆಶ್ಚರ್ಯವಾಗುವಂತೆ, ಉಸಿರು ಸಲೀಸಾಯಿತು.

"ಹಾಗಾದ್ರೆ ಮ್ಯೂಸಿಯಂಗೆ ಹೋಗೋದು ಬೇಡ" ಎಂದ.

"ಯಾಕೆ ಬೇಡ? ಹೋಗೋಣ. ನಾನೂ ಬರ್ತೀನಿ."

"ನಿನಗೆ ಕಿವಿ ತೂತು ಬಿದ್ದಿದೆ ಅಂದ್ಯಲ್ಲ."

"ಕಿವಿಗೆ ಸಾಕಾಗಿದೆ. ಕಣ್ಣಿಗೆ ಎಲ್ಲಿ ಆಗಿದೆ?" ಎಂದಳು ಅವಳು. "ನನ್ನ ಮೇಜು ಎಲ್ಲಿತ್ತು, ನೆನಪು ಮಾಡ್ಕೊಳ್ಳಿ. ಬಾಗಿಲ ಹತ್ರ. ಮೆಷೀನುಗಳೆಲ್ಲ ಗೋಡೆ ಕಡೆ ಮುಖ ಮಾಡಿ ನಿಂತಿದ್ವು, ಬಿಸಿಲು ಪರದೆ ಮೇಲೆ ಬೀಳಬಾರದು ಅಂತ. ನನಗೆ ಕಾಣ್ತಿದ್ದದ್ದು ಅವುಗಳ ಬೆನ್ನು, ಸಂದೀಲಿ ಆಡೋರ ಮುಖ. ಮೇಜು ಬಿಟ್ಟು ಎದ್ರೆ ಮಾಲೀಕ ಕೂಗ್ತಿದ್ದ. ಅಷ್ಟು ವರ್ಷ ಬಿಲ್ಲೆ ಕೊಟ್ಟೆ. ನೀನೂ ಒಂದು ಆಟ ಆಡ್ತೀಯಾ ಅಂತ ಒಂದು ನರಪಿಳ್ಳೇನೂ ಕೇಳ್ಲಿಲ್ಲ. ಆ ಹೆಲಿಕಾಪ್ಟರು ಹಳದಿ ಅಂತ ನನಗೆ ಗೊತ್ತಾಗಿದ್ದೇ ಮೊನ್ನೆ, ನೀವು ಫೋನಲ್ಲಿ ಹೇಳಿದಾಗ."

ಎಡಚಣ್ಣ ಅವಳ ಕಡೆ ತಿರುಗಿದ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಈ ಸಂಗತಿ ಹೊಸದು. ಅವಳು ಎಲ್ಲ ಆಟವನ್ನೂ ನೋಡಿ ನೋಡಿ ಬೇಸತ್ತವಳೆಂದೇ ಅವನು ತಿಳಿದಿದ್ದ.

"ಯಾವ ಬಣ್ಣ ಅಂದ್ಕೊಂಡಿದ್ದೆ?"

"ನೀಲಿ" ಎಂದಳು.

ಅಲ್ಲಿಂದ ಮುಂದೆ ಯೋಜನೆಯ ಲಗಾಮು ಅವಳ ಕೈಗೆ ಹೋಯಿತು. ಎಡಚಣ್ಣ ತಿಂಗಳುಗಟ್ಟಲೆ ಮಾತಾಡಿದ್ದನ್ನು ಅವಳು ಎರಡು ಸಂಜೆಯಲ್ಲಿ ಮುಗಿಸಿದಳು. ಪಾಳಿ ಬದಲಿಸಿಕೊಂಡು ಬುಧವಾರ ಬಿಡುವು ಮಾಡಿಕೊಂಡಳು; ವಾರದ ನಡುವೆ ಜನ ಕಡಿಮೆ, ಮೆಷೀನಿನ ಮುಂದೆ ಕಾಯುವುದು ತಪ್ಪುತ್ತದೆ. ನಿಧಾನದ ರೈಲನ್ನೇ ಆರಿಸಿದಳು. ಅದು ಪ್ರತಿ ಸ್ಟೇಷನ್ನಿನಲ್ಲೂ ಪುರುಸೊತ್ತಾಗಿ ನಿಲ್ಲುತ್ತದೆ. ಬಾಗಿಲ ಪಕ್ಕದ ಸೀಟು ಬೇಕೆಂದು ಮಗಳಿಗೆ ಹೇಳಿ ಮಾಡಿಸಿದಳು. ಸುದ್ದಿ ತಿಳಿದು ಭಾವಮೈದ, "ಅಕ್ಕಾ, ಸ್ಟೇಷನ್‌ವರೆಗಾದ್ರೂ ವ್ಯಾನಲ್ಲಿ ಬಿಡ್ತೀನಿ" ಎಂದ. "ಸ್ಟೇಷನ್‌ವರೆಗೆ ಬಿಡು. ಒಳಗೆ ಹತ್ತಬೇಡ" ಎಂದಳು. ಅವನು ಹಾಗೆಯೇ ಮಾಡಿದ. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ರೈಲು ಮರೆಯಾಗುವ ತನಕ ಕೈ ಬೀಸಿದ.

ಮ್ಯೂಸಿಯಂ ಅವರಿಬ್ಬರೂ ಎಣಿಸಿದಷ್ಟು ದೊಡ್ಡದಿರಲಿಲ್ಲ. ಹಳೆಯ ಗೋದಾಮೊಂದನ್ನು ಬಳಿದು ತೊಳೆದು ಮಾಡಿದ ಕಟ್ಟಡ. ಮೊದಲ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಹಳೆಯ ಯಂತ್ರಗಳು, ಪಕ್ಕದಲ್ಲಿ ಯಾವ ಕಾಲದ್ದು, ಹೇಗೆ ಕೆಲಸ ಮಾಡುತ್ತಿತ್ತು ಎಂಬ ಬರಹ. ಎಡಚಣ್ಣ ಪ್ರತಿಯೊಂದನ್ನೂ ನಿಂತು ಓದಿದ. ಓದುವುದಕ್ಕಿಂತ ಹೆಚ್ಚಾಗಿ ಕಾಲಿಗೆ ಬಿಡುವು ಕೊಡುತ್ತಿದ್ದ. ಹೆಂಡತಿ ಬೇಗ ಬೇಗ ಮುಂದೆ ಹೋಗಿ ಪ್ರತಿ ಬಾಗಿಲಲ್ಲೂ ಅವನಿಗಾಗಿ ಕಾದಳು. ಕೊನೆಯ ಕೋಣೆ ಇನ್ನೂ ಕಾಣುವ ಮೊದಲೇ ಅವಳು ತಟ್ಟನೆ ನಿಂತು, ಬೆರಳೆತ್ತಿ, "ಕೇಳಿ" ಎಂದಳು. ಯಾರೋ ಆಡುತ್ತಿದ್ದರು. ಟೊಂಯ್, ಟೊಂಯ್.

ಮೊದಲು ಎಡಚಣ್ಣ ಆಡಿದ. ಬಲಗೈಯಿಂದ ಎಡಗೈಯನ್ನು ಎತ್ತಿ ಕೋಲಿನ ಮೇಲೆ ಕೂರಿಸಿಕೊಂಡ. ಮನೆಯ ಕೋಲಿಗಿಂತ ಇದು ಬಿಗಿಯಾಗಿತ್ತು. ಹೆಲಿಕಾಪ್ಟರು ಮೇಲೆದ್ದಿತು, ಒಬ್ಬಳನ್ನು ಮಾಳಿಗೆಯಿಂದ ಹತ್ತಿಸಿಕೊಂಡಿತು, ಎರಡನೆಯ ಮನೆಗೆ ಬಡಿದು ನೀರಿಗೆ ಬಿತ್ತು. ಸೇತುವೆ ಕಣ್ಣಿಗೂ ಕಾಣಲಿಲ್ಲ. ಅವನು ಮೂರು ಸಲ ಆಡಿದ, ಮೂರು ಸಲವೂ ಅಲ್ಲಲ್ಲೇ ಬಿದ್ದ. ಮನಸ್ಸಿಗೆ ನೋವಾಗುತ್ತದೆಂದು ಕಾದ, ಅಷ್ಟೇನೂ ಆಗಲಿಲ್ಲ. "ಸೋತ ಕೈಗೆ ಇಷ್ಟು ಸಾಕು. ಬಾ, ನಿನ್ನ ಸರದಿ" ಎಂದು ಪಕ್ಕಕ್ಕೆ ಸರಿದ.

ಅವಳು ಸೆರಗು ಸಿಕ್ಕಿಸಿಕೊಂಡು ಮೆಷೀನಿನ ಮುಂದೆ ನಿಂತಳು. ಆಟ ಶುರುಮಾಡಲಿಲ್ಲ. ಪರದೆಯ ಮೇಲೆ ತಾನಾಗಿಯೇ ಓಡುತ್ತಿದ್ದ ಚಿತ್ರವನ್ನು ನೋಡುತ್ತಾ ನಿಂತಳು. ನೀರು, ಮಾಳಿಗೆಗಳು, ಕೈ ಬೀಸುವ ಪುಟ್ಟ ಪುಟ್ಟ ಜನ.

"ಇವರು ಇಷ್ಟು ಚಿಕ್ಕವರಾ?" ಎಂದಳು. "ಸದ್ದು ಕೇಳಿ ದೊಡ್ಡ ದೊಡ್ಡವರು ಅಂದ್ಕೊಂಡಿದ್ದೆ."

ಆಮೇಲೆ ಆಡಿದಳು. ಮೊದಲ ಸಲ ಹೆಲಿಕಾಪ್ಟರು ನೆಲ ಬಿಟ್ಟೇಳಲಿಲ್ಲ. ಎರಡನೆಯ ಸಲ ಎದ್ದ ಕೂಡಲೇ ಬಿತ್ತು. ಎಡಚಣ್ಣ ಪಕ್ಕದಲ್ಲಿ ನಿಂತು, "ಮೆಲ್ಲಗೆ, ಮೆಲ್ಲಗೆ, ಹೊಡೀಬೇಡ, ಸವರು. ತಲೆ ಬಾಚಿದ ಹಾಗೆ" ಎಂದು ಬಾಯಿ ನಿಲ್ಲಿಸದೆ ಹೇಳಿದ. "ಸುಮ್ನಿರಿ ರೀ, ನನಗೆ ಸದ್ದು ಕೇಳ್ಬೇಕು" ಎಂದಳು. ಅವಳು ಕಿವಿಯಿಂದಲೇ ಆಡುತ್ತಿರುವುದು ಅವನಿಗೆ ಗೊತ್ತಾಯಿತು. ಗೆಜ್ಜೆ ಸದ್ದಾಗುವ ತನಕ ಕೆಳಗೆ ತಡೆದು ನಿಲ್ಲಿಸಿ, ಸದ್ದು ಬಂದ ಕೂಡಲೇ ಮೇಲೆತ್ತುತ್ತಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಸಲ ಇಬ್ಬರನ್ನು ಹೊತ್ತುಕೊಂಡು ಸೇತುವೆಯವರೆಗೆ ಹೋದಳು. ಎಡಚಣ್ಣ ಹಿಂದೆ ಬೀಳುತ್ತಿದ್ದ ಜಾಗದಲ್ಲೇ ಬಿದ್ದಳು. ಕೆನ್ನೆ ಕೆಂಪಾಗಿತ್ತು. "ಹಾಳಾದ್ದು, ಈ ಸೇತುವೆಗೆ ಸದ್ದೇ ಇಲ್ಲ" ಎಂದು ಕೋಲಿಗೆ ಒಂದು ಏಟು ಕೊಟ್ಟಳು.

ವಾಪಸು ಬರುವಾಗ ರೈಲಿನಲ್ಲಿ ಅವರು ಆಟದ ಬಗ್ಗೆ ಹೆಚ್ಚು ಮಾತಾಡಲಿಲ್ಲ, ಅಂಗಡಿಯ ಬಗ್ಗೆ ಮಾತಾಡಿದರು. ಪಕ್ಕದ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಒಬ್ಬಾಕೆ ಇದ್ದಳು. ಕೈ ಒಳ್ಳೆಯದು, ಜಾಗವಿಲ್ಲದೆ ಮನೆಯ ಜಗಲಿಯಲ್ಲೇ ಕೆಲಸ ಮಾಡುತ್ತಿದ್ದಳು. ಅವಳನ್ನು ಕೇಳಿದರೆ ಹೇಗೆ ಎಂದು ಹೆಂಡತಿ ಎತ್ತಿದಳು. ಎಡಚಣ್ಣ ಒಂದೆರಡು ಸ್ಟೇಷನ್ ಯೋಚಿಸಿದ.

"ಗಂಡಸರ ತಲೆ ಮಾಡ್ತಾಳಾ?"

"ತಲೆ ತಲೇನೇ. ಕೇಳಿ ನೋಡಿ."

ಆಕೆ ಒಪ್ಪಿದಳು. ಅಂಗಡಿಯ ಧೂಳು ಹೊಡೆದು, ಕನ್ನಡಿ ತೊಳೆದು, ಮುಂದಿನ ತಿಂಗಳು ಬಾಗಿಲು ತೆಗೆದರು. ಕತ್ತರಿ ಆಕೆಯದು. ಬಟ್ಟೆ ಹೊದಿಸುವುದು, ತಲೆಗೆ ನೀರು ಚಿಮುಕಿಸುವುದು, ಕೆಲಸ ಮುಗಿದ ಮೇಲೆ ಬ್ರಷ್ಷಿನಿಂದ ಕುತ್ತಿಗೆ ಕೊಡವುವುದು ಎಡಚಣ್ಣನ ಬಲಗೈಯ ಪಾಲಿಗೆ ಬಂತು. ಮಾತಂತೂ ಪೂರ್ತಿ ಅವನದೇ ಪಾಲು. ಆಕೆ ಮಿತಭಾಷಿ, ಆದ್ದರಿಂದ ಇಬ್ಬರಿಗೂ ಹೊಂದಿಕೆಯಾಯಿತು. ಮೊದಲ ವಾರ ಕೆಲವು ಗಿರಾಕಿಗಳು ಒಳಗೆ ಇಣುಕಿ ಹೆಂಗಸನ್ನು ಕಂಡು ಹಿಂದೆ ಸರಿದರು. ಎಡಚಣ್ಣ ಅವರನ್ನು ಬೀದಿಗೇ ಹೋಗಿ ಕೈ ಹಿಡಿದು ಕರೆತಂದ.